ಕೋಳಿಗೆ ಜ್ವರ ಬಂದರೆ ಹೇಳುವವರಾರು?

ನಿಮಗೆ ಜ್ವರ ಬಂದರೆ ಬಾಯಿಬಿಟ್ಟು ಹೇಳುತ್ತೀರಿ. ಕೋಳಿ ಹೇಳಲಾರದು. ಅದರ ಮೈಶಾಖ ಮಾಮೂಲಾಗಿಯೇ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವುದರಿಂದ ಮುಟ್ಟಿ ನೋಡಿದರೂ ಜ್ವರ ತಿಳಿಯದು. ಸಾವಿರಾರು ಕೋಳಿಗಳ ಫಾರಂನಲ್ಲಿ ರೋಗ ಗೊತ್ತಾಗುವುದು ಅವು ಸಾಲುಸಾಲಾಗಿ ಸತ್ತು ಬಿದ್ದಾಗ. ಮಾದರಿ ಭೋಪಾಲದ ಪ್ರಯೋಗಾಲಯ ತಲುಪಿ ಫಲಿತಾಂಶ ಬರುವಷ್ಟರಲ್ಲಿ ವೈರಸ್ ಪಕ್ಕದ ಫಾರಂ ಸೇರಿರಬಹುದು.

ಇದು ಕೋಳಿ ಸಾಕುವವರ ತಲೆನೋವು, ನಮಗೇಕೆ ಎನ್ನಬೇಡಿ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಹಕ್ಕಿಜ್ವರ 18 ಜನರಿಗೆ ತಗುಲಿ 6 ಮಂದಿ ಸತ್ತರು. 2003ರಿಂದೀಚೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ 900ಕ್ಕೂ ಹೆಚ್ಚು ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯಲಿಲ್ಲ. ನಮ್ಮ ಹೆಸರಘಟ್ಟದಲ್ಲೂ 2012ರಲ್ಲಿ ಹಕ್ಕಿಗಳಿಗೆ ಈ ರೋಗ ಬಂದಿತ್ತು.

ರೋಗವನ್ನು ಬೇಗ ಗುರುತಿಸಲು ಈಗ ಒಂದು ಸಾಧನವಿದೆ. ಅಕ್ಕಿಕಾಳಿನ ಗಾತ್ರದ, ಗಾಜಿನ ಕವಚದ ಚಿಪ್ಪನ್ನು ಸೂಜಿಯಿಂದ ಚರ್ಮದಡಿ ಇಡುತ್ತಾರೆ. ಇದಕ್ಕೆ ಬ್ಯಾಟರಿ ಬೇಡ. ಹತ್ತಿರ ಹಿಡಿದ ಉಪಕರಣದಿಂದಲೇ ಶಕ್ತಿ ಪಡೆದು ಹಕ್ಕಿಯ ಗುರುತನ್ನೂ ಮೈಶಾಖವನ್ನೂ ತಿಳಿಸುತ್ತದೆ. ಜಪಾನಿನ ಸಂಶೋಧಕರು ರೆಕ್ಕೆಗೆ ಕಟ್ಟುವ ಸಾಧನವನ್ನೂ ರೂಪಿಸಿದ್ದಾರೆ. ಅದು ಶಾಖದ ಜತೆಗೆ ಓಡಾಟವನ್ನೂ ಅಳೆಯುತ್ತದೆ.

ಹಾಗಾದರೆ ಎಲ್ಲ ಕೋಳಿಗಳಿಗೂ ಚಿಪ್ ಹಾಕಬೇಕೇ? ಬೇಕಿಲ್ಲ. ಆರೇಳು ವಾರಗಳಲ್ಲಿ ಮಾಂಸಕ್ಕೆ ಹೋಗುವ ಬ್ರಾಯ್ಲರ್‌ಗೆ ಅದು ದುಬಾರಿ. ಚಿಪ್ ತಟ್ಟೆ ಸೇರುವ ಅಪಾಯವೂ ಉಂಟು. ವಲಸೆ ಹಕ್ಕಿಗಳು ಇಳಿಯುವ ಕೆರೆಗಳ ಬಳಿಯ ಫಾರಂಗಳಲ್ಲಿ ಕೆಲವು ಮೊಟ್ಟೆಕೋಳಿಗಳನ್ನು ಕಾವಲಿಗಿಟ್ಟರೆ ಸಾಕು. ಆದರೆ ಚಿಪ್ ರೋಗದ ಹೆಸರು ಹೇಳದು. ಜ್ವರ ಬೇರೆ ಸೋಂಕಿನಿಂದಲೂ ಬಂದೀತು; ಬಾತುಕೋಳಿಗಳಂತೂ ಲಕ್ಷಣವೇ ತೋರದೆ ವೈರಸ್ ಹೊತ್ತಿರಬಲ್ಲವು. ಪ್ರಯೋಗಾಲಯದ ಪರೀಕ್ಷೆ ತಪ್ಪಿದ್ದಲ್ಲ.

ಇನ್ನೂ ದೊಡ್ಡ ಪ್ರಶ್ನೆಯೆಂದರೆ, ಚಿಪ್ ಎಚ್ಚರಿಸಿದಾಗ ರೈತ ಇಲಾಖೆಗೆ ತಿಳಿಸುತ್ತಾನೆಯೇ? ರೋಗ ಖಚಿತವಾದರೆ ಸುತ್ತಲ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಪರಿಹಾರಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕೆಂದಾದರೆ ಸುದ್ದಿ ಮುಚ್ಚಿಟ್ಟು ಕೋಳಿಗಳನ್ನು ಮಾರಿಬಿಡುವ ಆಸೆ ಯಾರಿಗೂ ಬಂದೀತು. ಆದ್ದರಿಂದ ಸರ್ಕಾರಗಳು ಚಿಪ್ಪಿಗೆ ಹಣ ತೆಗೆದಿಡುವ ಮುನ್ನ ಪರಿಹಾರ ಕೂಡಲೇ ಕೈಸೇರುವಂತೆ ಮಾಡಲಿ. ಹೇಳಿದವನಿಗೆ ನಷ್ಟವಾಗದಿದ್ದರೆ ಮಾತ್ರ ಸಾಧನದಿಂದ ಪ್ರಯೋಜನ.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಇಷ್ಟೇ: ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಕೋಳಿಮಾಂಸ, ಮೊಟ್ಟೆಗಳನ್ನು ಚೆನ್ನಾಗಿ ಬೇಯಿಸಿ ತಿನ್ನಿ. ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ವೈರಸ್ ಉಳಿಯುವುದಿಲ್ಲ.