ಲೆಕ್ಕ ತಲೆಗೆ ಹತ್ತದ ಮಕ್ಕಳ ಕಾಲೇಜು ಅರ್ಜಿ

ಅಕ್ಟೋಬರ್ ಬಂತೆಂದರೆ ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಕಾಲೇಜು ಅರ್ಜಿಯದೇ ಮಾತು. ಅಮೆರಿಕದ ಕನ್ನಡಿಗರಾದ ನಮಗೆ, ಮಗುವಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ಒಪ್ಪಿಕೊಳ್ಳುವುದೇ ಕಷ್ಟ. ಹಬ್ಬದ ಊಟದಲ್ಲಿ ಯಾರಾದರೂ "ಕ್ಯಾಲ್ಕುಲಸ್ ಆಯ್ತಾ?" ಎಂದರೆ ಮಾತು ತಿರುಗಿಸುತ್ತೇವೆ. ಆದರೆ ನಮಗೆ ತೋರುವಂತೆ ನಿಜವಾದ ಕಷ್ಟ ಶುರುವಾಗುವುದು ಸೀಟು ಸಿಕ್ಕ ಮೇಲೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2021ರಲ್ಲಿ ಪ್ರವೇಶಕ್ಕೆ ಎಸ್‌ಎಟಿ ಅಂಕ ನೋಡುವುದನ್ನು ಕೈಬಿಟ್ಟಾಗ ಅನೇಕರು ನಿಟ್ಟುಸಿರು ಬಿಟ್ಟರು. ಅದರ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಅಧ್ಯಾಪಕರು 2025ರ ನವೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ, ಹೈಸ್ಕೂಲ್ ಮಟ್ಟದ ಗಣಿತವೂ ಬಾರದ ಹೊಸ ವಿದ್ಯಾರ್ಥಿಗಳು ಐದು ವರ್ಷಗಳಲ್ಲಿ ಹತ್ತಿರಹತ್ತಿರ 30 ಪಟ್ಟಾಗಿದ್ದಾರೆ. ಇವರಲ್ಲಿ ಅನೇಕರ ಶಾಲೆಯ ಗ್ರೇಡುಗಳು ಚೆನ್ನಾಗಿಯೇ ಇದ್ದವು! ಇತ್ತ ಎಂಐಟಿ 2022ರಲ್ಲಿ, ಡಾರ್ಟ್‌ಮತ್ ಮತ್ತು ಹಾರ್ವರ್ಡ್ 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡುವುದಾಗಿ ಪ್ರಕಟಿಸಿದವು.

ಸ್ಕಾಲರ್‌ಶಿಪ್ ಸಿಕ್ಕರೆ ಸಾಲದು, ಉಳಿಯಬೇಕಲ್ಲ? ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್ ಉಳಿಯಲು 3.0 ಜಿಪಿಎ ಬೇಕು. ಅನೇಕ ಕಾಲೇಜುಗಳ ಮೆರಿಟ್ ಹಣಕ್ಕೂ ಇಂಥದೇ ಷರತ್ತುಗಳಿವೆ. ಮಗು ಉಳಿದೆಲ್ಲದರಲ್ಲಿ ಬಿ ತೆಗೆದು ಕ್ಯಾಲ್ಕುಲಸ್ಸಿನಲ್ಲಿ ಡಿ ತೆಗೆದರೆ ಸರಾಸರಿ 3.0ಕ್ಕಿಂತ ಕೆಳಗೆ ಬಿತ್ತು. ಅದಕ್ಕೇ ಮೇಜರ್ ಆರಿಸುವ ಮುನ್ನ ಆ ವಿಭಾಗದ ಕೋರ್ಸುಗಳ ಪಟ್ಟಿ ಓದಿ. ಮನಶ್ಶಾಸ್ತ್ರಕ್ಕೆ ಸಾಮಾನ್ಯವಾಗಿ ಸಂಖ್ಯಾಶಾಸ್ತ್ರ ಸಾಕು. ಇಂಜಿನಿಯರಿಂಗ್ ಬೇಡವೆಂದು ಬಿಸಿನೆಸ್ಸಿಗೆ ಓಡುವವರು ಗಮನಿಸಬೇಕು, ಅಲ್ಲೂ ಬಹಳ ಕಡೆ ಕ್ಯಾಲ್ಕುಲಸ್ ಕೇಳುತ್ತಾರೆ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನ್ಯಾಷನಲ್ ಮೆರಿಟ್‌ಗೆ ಹನ್ನೊಂದನೇ ತರಗತಿಯ ಪಿಎಸ್‌ಎಟಿ ಅಂಕ ಲೆಕ್ಕ ಹಾಕುವಾಗ ಓದು-ಬರಹದ ಅಂಕವನ್ನು ಇಮ್ಮಡಿ ಮಾಡಿ, ಗಣಿತದ ಅಂಕ ಕೂಡಿಸಿ, ಹತ್ತರಿಂದ ಭಾಗಿಸುತ್ತಾರೆ. ಓದು-ಬರಹದಲ್ಲಿ 740, ಗಣಿತದಲ್ಲಿ 620 ಬಂದವರಿಗೆ 210. ಅದೇ ಅಂಕಗಳು ಅದಲುಬದಲಾದರೆ 198 ಮಾತ್ರ. ಪುಸ್ತಕದ ಹುಳುಗಳಿಗೆ ಇದು ಒಳ್ಳೆಯ ಸುದ್ದಿ. ಅಮೆರಿಕದ ಹೈಸ್ಕೂಲಿನಲ್ಲಿ ಓದುವ ಎಚ್-4 ವೀಸಾದ ಮಕ್ಕಳಿಗೂ ಈ ಬಾಗಿಲು ತೆರೆದಿದೆ, ಆದರೆ ಅವರಿಗೆ ಫೆಡರಲ್ ಸಹಾಯಧನ ಇಲ್ಲ. ಅವರು ಕಾಲೇಜುಗಳೇ ಕೊಡುವ ಹಣವನ್ನು ವಿಚಾರಿಸಬೇಕು.

ಪ್ರವೇಶ ಸಿಕ್ಕ ಬೇಸಿಗೆಯಲ್ಲಿ ಅನೇಕ ಕಾಲೇಜುಗಳು ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ ನಡೆಸುತ್ತವೆ. ಮನೆಯಲ್ಲಿ ಕೂತು ಬರೆಯುವಂಥದ್ದಾದರೆ ಅಪ್ಪ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವುದು ಬೇಡ. ಸೆಪ್ಟೆಂಬರಿನಲ್ಲಿ ಆ ತರಗತಿಯಲ್ಲಿ ಕೂರುವುದು ಮಗುವೇ ತಾನೆ!