ವೇಲ್ಸ್ ನಾಡಿನ ಭಾನುವಾರದ ಪಾಠ

ಚರ್ಚಿನ ಬೈಬಲ್ ತರಗತಿಯನ್ನು ಕೇವಲ ಮತಬೋಧೆಯೆಂದು ಬಗೆಯುವವರು ವೇಲ್ಸ್ ನಾಡಿನ ಚರಿತ್ರೆಯನ್ನು ಗಮನಿಸಬೇಕು. ಸಮಗ್ರ ಬೈಬಲು 1588ರಲ್ಲಿ ವಿಲಿಯಂ ಮಾರ್ಗನ್ನನ ಶ್ರಮದಿಂದ ವೆಲ್ಷ್ ನುಡಿಯಲ್ಲಿ ಪ್ರಕಟವಾಯಿತು. ಆದರೆ ಗ್ರಂಥವಿದ್ದ ಮಾತ್ರಕ್ಕೆ ಓದುಗರು ಹುಟ್ಟುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಾಲಾ ಊರಿನ ಥಾಮಸ್ ಚಾರ್ಲ್ಸ್ ಹಬ್ಬಿಸಿದ ಭಾನುವಾರದ ಶಾಲೆಗಳು ಆ ಕೊರತೆಯನ್ನು ತುಂಬತೊಡಗಿದವು. ಅಲ್ಲಿ ಮಕ್ಕಳಷ್ಟೇ ಅಲ್ಲ, ವಯಸ್ಕರೂ ಕುಳಿತು ಅಕ್ಷರ ಕಲಿತರು. ಓದಿದುದನ್ನು ಕುರಿತು ಪ್ರಶ್ನೋತ್ತರ ನಡೆಸಿದರು. ಮುಂದಿನ ಶತಮಾನದಲ್ಲಿ ಹಗಲುಶಾಲೆಗಳನ್ನು ಇಂಗ್ಲಿಷ್ ಆಳುತ್ತಿದ್ದಾಗ, ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಕೆಲವೆಡೆ ಮರದ ತುಂಡನ್ನು ನೇತುಹಾಕುತ್ತಿದ್ದಾಗ, ವೆಲ್ಷ್ ಓದಿಗೆ ಆಸರೆಯಾದುದು ಈ ತರಗತಿ. ವೇಲ್ಸ್ ಜನರನ್ನು ಹೀಗಳೆದ 1847ರ ಸರ್ಕಾರಿ ವರದಿಗೂ ಭಾನುವಾರದ ಶಾಲೆಗಳನ್ನು ಹೊಗಳದೆ ಇರಲಾಗಲಿಲ್ಲ.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯದ ಐದು ಬಗೆಗಳಲ್ಲಿ ವಾಚನೆಯ ಬೆನ್ನಿಗೇ ಪೃಚ್ಛನೆಯನ್ನು, ಎಂದರೆ ಪ್ರಶ್ನಿಸುವಿಕೆಯನ್ನು, ಹೇಳುತ್ತದೆ. ವೇಲ್ಸ್ ತರಗತಿಗಳ ಬಲವೂ ಅದೇ. ವಾಕ್ಯಗಳನ್ನು ಕಂಠಪಾಠ ಮಾಡಿಸಿ ಬಹುಮಾನ ಹಂಚುವುದರಲ್ಲೇ ತೃಪ್ತಿಪಡುವ ತರಗತಿ, ಚರ್ಚಿನದಾಗಲಿ ಬಸದಿಯ ಪಾಠಶಾಲೆಯದಾಗಲಿ, ಈ ಫಲವನ್ನು ಕೊಡಲಾರದು. ಧರ್ಮಗ್ರಂಥವನ್ನು ತಾಯ್ನುಡಿಯಲ್ಲಿ ಓದಿಸಿ ಪ್ರಶ್ನೆಗೆ ಎಡೆಗೊಡುವ ತರಗತಿ ಮಾತ್ರ ಗ್ರಂಥವನ್ನೂ ನುಡಿಯನ್ನೂ ಮುಂದಿನ ತಲೆಮಾರಿಗೆ ದಾಟಿಸುತ್ತದೆ.