ವಿಷ ಕುಡಿದವರಿಗೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬಹುದೇ? ವಿಷ ಸಹಾಯವಾಣಿಯ ಫಾರ್ಮಾಸಿಸ್ಟ್ ಮೊದಲು ಕೇಳುವುದೇ ಬೇರೆ!

“ಯಾರಾದರೂ ವಿಷ ಕುಡಿದರೆ ಕೂಡಲೇ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ. ಆಮೇಲೆ ಒಂದು ಲೋಟ ಹಾಲು ಕೊಡಿ. ಒಂದು ಜೀವ ಉಳಿಯಬಹುದು, ಎಲ್ಲರಿಗೂ ಶೇರ್ ಮಾಡಿ.” ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇದನ್ನು ಪಾಲಿಸಿದರೆ ಉಳಿಯಬೇಕಾದ ಜೀವಕ್ಕೇ ಕುತ್ತು ಬರಬಹುದು. ಹೇಗೆ ಎಂದು ನೋಡೋಣ.

ಬಾಟಲಿಯ ಮೇಲೆ ಏನು ಬರೆದಿದೆ?

ಸುಂಕದಕಟ್ಟೆಯ ಒಂದು ಬಾಡಿಗೆ ಮನೆಯನ್ನು ಊಹಿಸಿಕೊಳ್ಳೋಣ. ಅಪ್ಪ ಪೀಣ್ಯದ ಕಾರ್ಖಾನೆಗೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗಿದ್ದಾರೆ. ಮನೆಯಲ್ಲಿ ಅಜ್ಜಿ ಮತ್ತು ಮೂರು ವರ್ಷದ ಮಗು. ಗಾಡಿಯವರಿಂದ ಕೊಂಡ ಬಾತ್‌ರೂಮ್ ಆ್ಯಸಿಡ್ ಹಳೆಯ ನೀರಿನ ಬಾಟಲಿಯಲ್ಲಿದೆ. ಮಗು ಅದನ್ನು ಬಾಯಿಗಿಟ್ಟು ಚೀರುತ್ತದೆ. ಪಕ್ಕದ ಮನೆಯ ಹುಡುಗ ಓಡಿ ಬಂದು ವಿಷ ಸಹಾಯವಾಣಿಗೆ ಫೋನ್ ಮಾಡುತ್ತಾನೆ.

ಆ ಕಡೆಯಿಂದ ಮೊದಲು ಬರುವುದು ಮದ್ದಿನ ಹೆಸರಲ್ಲ, ಪ್ರಶ್ನೆಗಳು. ಕುಡಿದಿದ್ದು ಏನು? ಎಷ್ಟು? ಯಾವಾಗ? ಮಗುವಿನ ವಯಸ್ಸು, ತೂಕ ಎಷ್ಟು? ಉಸಿರಾಟ ಸರಿಯಾಗಿದೆಯೇ? ಬಾಟಲಿಯ ಮೇಲೆ ಏನು ಬರೆದಿದೆ?

ಬಾಟಲಿಯ ಮೇಲೆ ಬರೆದಿರುವುದು ‘ಕುಡಿಯುವ ನೀರು’ ಎಂದು. ಎಷ್ಟು ಓದಿದವರಾದರೂ ಇಲ್ಲಿ ಒಂದು ಕ್ಷಣ ತಡವರಿಸಲೇಬೇಕು. ಆ್ಯಸಿಡ್, ಫಿನಾಯಿಲ್, ಥಿನ್ನರ್, ಸೀಮೆಎಣ್ಣೆ, ಇವುಗಳಲ್ಲಿ ಪ್ರತಿಯೊಂದು ಮಾಡುವ ಹಾನಿಯೂ ಬೇರೆ, ಚಿಕಿತ್ಸೆಯೂ ಬೇರೆ.

ಫೋನ್ ಎತ್ತುವವರು ಯಾರು?

ನಮ್ಮ ದೇಶದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿದೆ. 1995ರಲ್ಲಿ ಆರಂಭವಾದ ಈ ಕೇಂದ್ರವನ್ನು ಅಲ್ಲಿನ ಔಷಧಶಾಸ್ತ್ರ ವಿಭಾಗ ನಡೆಸುತ್ತದೆ. ಟೋಲ್ ಫ್ರೀ ಸಂಖ್ಯೆ 1800 116 117. ಸೇವೆ ದಿನದ 24 ಗಂಟೆಯೂ ಇರುತ್ತದೆ. ಸಾರ್ವಜನಿಕರೂ ಕರೆ ಮಾಡಬಹುದು, ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಕೇಳಬಹುದು. ಹಿಂದಿ ಅಥವಾ ಇಂಗ್ಲಿಷ್ ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಅನುಕೂಲ.

ಈ ಕೆಲಸಕ್ಕೂ ಫಾರ್ಮಾಸಿಸ್ಟ್‌ಗಳಿಗೂ ಹಳೆಯ ನಂಟು. ಅಮೆರಿಕದ ಶಿಕಾಗೊದಲ್ಲಿ ಲೂಯಿಸ್ ಗ್ಡಾಲ್ಮನ್ ಎಂಬ ಆಸ್ಪತ್ರೆಯ ಫಾರ್ಮಾಸಿಸ್ಟ್, ಯಾವ ಸಾಮಾನಿನಲ್ಲಿ ಯಾವ ವಿಷವಿದೆ ಎಂಬುದನ್ನು ಸಣ್ಣ ಸಣ್ಣ ಕಾರ್ಡುಗಳಲ್ಲಿ ಬರೆದಿಡುತ್ತಿದ್ದರು. 1953ರಲ್ಲಿ ಅದೇ ಊರಿನಲ್ಲಿ ಅಮೆರಿಕದ ಮೊದಲ ವಿಷ ನಿಯಂತ್ರಣ ಕೇಂದ್ರ ಶುರುವಾಯಿತು. ಇಂದಿಗೂ ಅಲ್ಲಿ ಇಂಥ ಕರೆಗಳಿಗೆ ಉತ್ತರಿಸುವವರಲ್ಲಿ ಹೆಚ್ಚಿನವರು ತರಬೇತಿ ಪಡೆದ ಫಾರ್ಮಾಸಿಸ್ಟ್‌ಗಳು ಮತ್ತು ನರ್ಸ್‌ಗಳು.

ಅವರು ಲೆಕ್ಕ ಹಾಕುವುದು ಹೇಗೆ? ಒಂದು ಉದಾಹರಣೆ ನೋಡೋಣ. 12 ಕೆಜಿ ತೂಕದ ಮಗು 60 ಮಿಲಿ ಪ್ಯಾರಾಸಿಟಮಾಲ್ ಸಿರಪ್ ಪೂರ್ತಿ ಕುಡಿದಿದೆ ಎಂದುಕೊಳ್ಳಿ. ಲೇಬಲ್ ಮೇಲೆ ‘5 ಮಿಲಿಗೆ 125 ಮಿಗ್ರಾಂ’ ಎಂದಿದ್ದರೆ ಒಟ್ಟು 1,500 ಮಿಗ್ರಾಂ, ಅಂದರೆ ಕೆಜಿಗೆ 125 ಮಿಗ್ರಾಂ ಆಯಿತು. ‘5 ಮಿಲಿಗೆ 250 ಮಿಗ್ರಾಂ’ ಎಂದಿದ್ದರೆ ಕೆಜಿಗೆ 250 ಮಿಗ್ರಾಂ! ಸಣ್ಣ ಮಕ್ಕಳು ಒಂದೇ ಸಲಕ್ಕೆ ಕೆಜಿಗೆ 200 ಮಿಗ್ರಾಂ ದಾಟಿದರೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಲೇಬೇಕು ಎನ್ನುವುದು ಸಾಮಾನ್ಯ ಮಾನದಂಡ. ಬಾಟಲಿಯ ಗಾತ್ರ ಒಂದೇ, ಔಷಧ ಒಂದೇ, ಆದರೆ ಲೇಬಲ್ ಮೇಲಿನ ಒಂದು ಅಂಕಿಯಿಂದ ತೀರ್ಮಾನವೇ ಬದಲಾಗುತ್ತದೆ. ‘ಅತಿಯಾದರೆ ಅಮೃತವೂ ವಿಷ’ ಎಂಬ ಮಾತಿನಲ್ಲಿ ‘ಅತಿ’ ಎಂದರೆ ಎಷ್ಟು ಎಂದು ಹೇಳುವುದೇ ಇವರ ಕೆಲಸ. ಈ ಲೆಕ್ಕವನ್ನು ಮನೆಯಲ್ಲಿ ನಾವೇ ಹಾಕಿ ಸುಮ್ಮನಾಗಬಾರದು.

ನಮ್ಮ ಪಕ್ಕದ ವಿಜಯನಗರದಲ್ಲೇ ಇರುವ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ಕೂಡ ಔಷಧ ಮಾಹಿತಿ ಕೇಂದ್ರವನ್ನು ಹೊಂದಿದೆ. ಮಾತ್ರೆ, ಔಷಧಗಳ ಬಗೆಗಿನ ಸಂದೇಹಗಳಿಗೆ ಅದು ಸರಿ. ಆದರೆ ತುರ್ತು ಸಂದರ್ಭದಲ್ಲಿ ಕರೆ ಹೋಗಬೇಕಾದದ್ದು 108ಕ್ಕೆ ಮತ್ತು ವಿಷ ಸಹಾಯವಾಣಿಗೆ.

ವಾಂತಿ ಮಾಡಿಸಿದರೆ ಏನಾಗುತ್ತದೆ?

ಆ್ಯಸಿಡ್ ಒಳಗೆ ಹೋಗುವಾಗ ಅನ್ನನಾಳವನ್ನು ಒಮ್ಮೆ ಸುಟ್ಟಿರುತ್ತದೆ. ವಾಂತಿ ಮಾಡಿಸಿದರೆ ಅದೇ ದಾರಿಯಲ್ಲಿ ಮೇಲೆ ಬಂದು ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆ, ಥಿನ್ನರ್ ಕಥೆ ಬೇರೆ. ಅವು ಹೊಟ್ಟೆಯಲ್ಲಿ ಮಾಡುವ ಹಾನಿಗಿಂತ, ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದು ಮಾಡುವ ಹಾನಿ ದೊಡ್ಡದು. ಮಂಪರಿನಲ್ಲಿರುವವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸನಾಳಕ್ಕೆ ಸಿಕ್ಕಿ ಉಸಿರೇ ಕಟ್ಟಬಹುದು. ಇನ್ನು ಹೆಚ್ಚು ಉಪ್ಪು ನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಮಕ್ಕಳಿಗಂತೂ ಇದು ಪ್ರಾಣಾಂತಿಕವಾಗಬಹುದು.

ಒಂದು ಕಾಲದಲ್ಲಿ ವೈದ್ಯರೇ ವಾಂತಿ ಮಾಡಿಸಲು ಹೇಳುತ್ತಿದ್ದುದು ನಿಜ. ಅಮೆರಿಕದಲ್ಲಿ ‘ಇಪಿಕಾಕ್’ ಎಂಬ ವಾಂತಿ ತರಿಸುವ ಸಿರಪ್ ಅನ್ನು ಮನೆಯಲ್ಲೇ ಇಟ್ಟುಕೊಳ್ಳುವ ಸಲಹೆಯಿತ್ತು. ಪ್ರಯೋಜನಕ್ಕೆ ಸಾಕ್ಷ್ಯ ಸಿಗದ ಕಾರಣ 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ, ಇದನ್ನು ಮನೆಯಲ್ಲಿ ಬಳಸಬೇಡಿ ಎಂದಿತು. ವಿಜ್ಞಾನ ತನ್ನ ಮಾತನ್ನು ತಿದ್ದಿಕೊಂಡಿತು, ಫಾರ್ವರ್ಡ್‌ಗಳು ಮಾತ್ರ ಹಳೆಯದನ್ನೇ ಹೇಳುತ್ತಿವೆ.

ಹಾಲು ಎಲ್ಲ ವಿಷಕ್ಕೂ ಮದ್ದೇ?

ಅಲ್ಲ. ಎಲ್ಲ ವಿಷಕ್ಕೂ ಸಲ್ಲುವ ಒಂದೇ ಮದ್ದು ಇಲ್ಲವೇ ಇಲ್ಲ. ನುಸಿ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕೊಬ್ಬಿನಲ್ಲಿ ಕರಗುವ ವಸ್ತು. ಹಾಲಿನಂಥ ಕೊಬ್ಬಿನ ಪದಾರ್ಥ ಕೊಟ್ಟರೆ ಅದು ಮೈಗೆ ಸೇರುವುದು ಹೆಚ್ಚಬಹುದು. ದೇವರ ಮನೆಯ ಕರ್ಪೂರವೂ ಮಕ್ಕಳಿಗೆ ವಿಷವೇ. ನುಂಗಿದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಆ್ಯಸಿಡ್‌ಗೆ ಅಡುಗೆ ಸೋಡಾ ಕುಡಿಸಿ ‘ಸರಿದೂಗಿಸುವ’ ಸಲಹೆಯೂ ತಪ್ಪು. ಆ ರಾಸಾಯನಿಕ ಕ್ರಿಯೆಯಲ್ಲಿ ಗ್ಯಾಸ್, ಶಾಖ ಹುಟ್ಟಿ ಸುಟ್ಟ ಹೊಟ್ಟೆಗೆ ಇನ್ನಷ್ಟು ಹಾನಿಯಾಗಬಹುದು.

‘ಈಗ ಚೆನ್ನಾಗಿಯೇ ಇದ್ದಾರೆ’ ಎಂಬುದನ್ನೂ ನಂಬುವಂತಿಲ್ಲ. ಪ್ಯಾರಾಸಿಟಮಾಲ್ ಅತಿಯಾದಾಗ ಮೊದಲ ದಿನ ದೊಡ್ಡ ತೊಂದರೆ ಕಾಣದೇ ಇರಬಹುದು. ಯಕೃತ್ತು ಕೆಟ್ಟಿರುವುದು ತಿಳಿಯುವುದು ಆಮೇಲೆ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಮೊದಲ 8 ಗಂಟೆಯೊಳಗೆ ಕೊಟ್ಟರೆ ಅದು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಇಲಿ ಪಾಷಾಣದಲ್ಲೂ ಹಲವು ಬಗೆಗಳಿವೆ. ಒಂದು ಯಕೃತ್ತನ್ನು ಕೆಡಿಸಿದರೆ, ಇನ್ನೊಂದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಆದ್ದರಿಂದಲೇ ಪ್ಯಾಕೆಟ್ ಬಿಸಾಡಬಾರದು.

ಹಾಗಾದರೆ ಏನು ಮಾಡಬೇಕು?

• ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಮೊದಲು 108ಕ್ಕೆ ಕರೆ ಮಾಡಿ.
• ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, ಒರೆಸಿ. ಎಚ್ಚರವಿದ್ದರೆ ನೀರಿನಿಂದ ಬಾಯಿ ತೊಳೆಯಿರಿ. ತಜ್ಞರು ಹೇಳದೆ ಏನನ್ನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ.
• ಕಣ್ಣಿಗೆ, ಚರ್ಮಕ್ಕೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ.
• ಬಾಟಲಿ, ಪ್ಯಾಕೆಟ್, ಮಾತ್ರೆಯ ಖಾಲಿ ಸ್ಟ್ರಿಪ್ ಏನಿದ್ದರೂ ಆಸ್ಪತ್ರೆಗೆ ಒಯ್ಯಿರಿ. ಲೇಬಲ್‌ನ ಫೋಟೊ ತೆಗೆದಿಡಿ.
• ಬೇಕೆಂದೇ ಕುಡಿದವರಾಗಿದ್ದರೆ ಬೈಯುವ ಸಮಯ ಇದಲ್ಲ. ಆಸ್ಪತ್ರೆಗೆ ಸೇರಿಸಿ. ಮನಸ್ಸಿಗೆ ನೆಮ್ಮದಿಯಿಲ್ಲದೆ ನರಳುವವರು ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಮಾತಾಡಬಹುದು.

ಸುಂಕದಕಟ್ಟೆಯ ಆ ಮನೆಗೆ ಮರಳೋಣ. ಹುಡುಗ ಬಾತ್‌ರೂಮಿನಲ್ಲಿ ವಿಚಾರಿಸಿ “ಆ್ಯಸಿಡ್” ಎನ್ನುತ್ತಾನೆ. ವಾಂತಿ ಬೇಡ, ಬಾಯಿ ತೊಳೆದು ಈಗಲೇ ಆಸ್ಪತ್ರೆಗೆ ಹೊರಡಿ ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ಅಜ್ಜಿ ಗ್ರೂಪಿನಲ್ಲಿ ಬಂದದ್ದನ್ನು ನೆನೆದು ಉಪ್ಪು ನೀರು ಕಲಸಿದ್ದರೆ? ಅಜ್ಜಿಯ ತಪ್ಪೇನೂ ಇಲ್ಲ, ಅವರಿಗೆ ತಲುಪಿದ ಮಾಹಿತಿಯೇ ತಪ್ಪು.

ಹಾಗಾಗಿ ಇವತ್ತು ಎರಡು ಕೆಲಸ ಮಾಡೋಣ. 1800 116 117 ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲೂ ಸೇವ್ ಮಾಡೋಣ. ನೀರಿನ ಬಾಟಲಿಯಲ್ಲಿ ನೀರಲ್ಲದೆ ಬೇರೇನಾದರೂ ಇದ್ದರೆ, ಅದನ್ನು ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಟ್ಟು, ಮುಂದಿನ ಸಲ ಲೇಬಲ್ ಇರುವುದನ್ನೇ ಕೊಳ್ಳೋಣ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.